ಇಪ್ಪತ್ತು ವರ್ಷದಿಂದ ಅವಳಿಗೆ ಗೊತ್ತಿದ್ದದ್ದು

ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಮುಂದೆ, ಒಂದೇ ಬೆಂಚಿನ ಮೇಲೆ ಅವರಿಬ್ಬರೂ ಕೂತಿದ್ದರು. ಆ ಹೆಂಗಸು ಏನೋ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ನರ್ಸುಗಳ ಕೋಟು ಹೊಲಿದು ತಂದಿದ್ದ ಟೈಲರ್ ನಿಂತಲ್ಲೇ ನಿಂತಳು. ಮದುವೆಯ ಮಾತನ್ನು ಬಾಯಿಬಿಟ್ಟು ಕೇಳಿದವಳು ಅವಳೇ. ‘ಸ್ವಲ್ಪ ಟೈಮ್ ಕೊಡು’ ಎಂದಿದ್ದ, ಈಗ ಬೆಂಚಿನ ಮೇಲೆ ನಗುತ್ತಿದ್ದ ಈ ಬಸ್ ಡ್ರೈವರ್.

ಟೈಮ್ ಬೇಕಿದ್ದದ್ದು ಇದಕ್ಕಾ...

"ಇವತ್ತು ಡ್ಯೂಟಿ ಇಲ್ಲೇ ಬಿತ್ತಾ?" ಎಂದಳು ಹತ್ತಿರ ಹೋಗಿ.

ಅವನ ಮುಖ ಬಿಳಿಚಿಕೊಂಡಿತು. "ಇವಳು... ನನ್ನ ಹಳೇ ಗೆಳತಿ."

"ಎಷ್ಟು ಹಳೇದು?"

"ಆರು ವರ್ಷದವರಿದ್ದಾಗಿಂದ," ಎಂದಳು ಆ ಹೆಂಗಸು, ಮುಗುಳ್ನಗುತ್ತ.

ಆ ನಗುವೇ ಅವಳನ್ನು ಸುಟ್ಟಿತು.

ಹತ್ತು ದಿನ ಅವನ ಫೋನ್ ಎತ್ತಲಿಲ್ಲ. ಕನ್ನಡಿಯ ಮುಂದೆ ನಿಂತು ತನ್ನ ಮೂಗನ್ನು ಆ ಹೆಂಗಸಿನ ಮೂಗಿನ ಜೊತೆ ಹೋಲಿಸಿ ನೋಡಿದಳು, ಸೋತಳು. ಒಂದು ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದುಬಿಟ್ಟಳು.

"ಯಾರ ಮೇಲಿನ ಸಿಟ್ಟನ್ನ ಮೆಷಿನ್ ಮೇಲೆ ತೀರಿಸ್ಕೊಳ್ತಿದ್ದೀಯೇ?" ಎಂದರು ಅಮ್ಮ.

ಹನ್ನೊಂದನೆಯ ದಿನ ಆ ಹೆಂಗಸೇ ಅಂಗಡಿಗೆ ಬಂದಳು. ಹಿಂದೆ ಅವನು, ತಲೆ ತಗ್ಗಿಸಿಕೊಂಡು.

"ನನಗೆ ಎಚ್‌ಐವಿ ಇದೆ, ಹುಟ್ಟಿದಾಗಿಂದ," ಎಂದಳು ನೇರವಾಗಿ. "ನನ್ನ ಗಂಡನಿಗಿಲ್ಲ, ಇಬ್ಬರು ಮಕ್ಕಳಿಗೂ ಇಲ್ಲ. ನನ್ನ ಕಥೆ ನಾನು ಹೇಳಿದೆ. ಅವನದ್ದು ಅವನೇ ಹೇಳ್ಲಿ."

ಆ ಹೆಂಗಸು ಹೊರಟುಹೋದಳು.

"ನನಗೂ ಇದೆ," ಎಂದ ಅವನು. "ನಮ್ಮಿಬ್ಬರ ಅಮ್ಮಂದಿರೂ ಒಂದೇ ವಾರ್ಡಲ್ಲಿ ತೀರಿಹೋದ್ರು. ಊಟದ ತಟ್ಟೇನ ಬಾಗಿಲಿಂದಾನೇ ಒಳಗೆ ತಳ್ತಿದ್ರು ಆಗ. ಮಾತ್ರೆ ಇತ್ತು, ಶ್ರೀಮಂತ ದೇಶದವರಿಗೆ. ಎಷ್ಟೋ ದೇಶದಲ್ಲಿ ಜನ ಬೀದಿಗಿಳಿದು ಜಗಳ ಆಡಿದ್ರು. ಬೆಲೆ ಇಳೀತು, ಸರ್ಕಾರ ಪುಕ್ಕಟೆ ಕೊಡೋಕೆ ಶುರುಮಾಡ್ತು. ನಮಗೆ ಸಿಕ್ತು... ಅಮ್ಮಂದಿರಿಗೆ ಸಿಗಲಿಲ್ಲ."

ಅವಳು ಕತ್ತರಿ ಕೆಳಗಿಟ್ಟಳು.

"ಈಗ ದಿನಕ್ಕೊಂದೇ ಮಾತ್ರೆ. ರಕ್ತದಲ್ಲಿ ವೈರಸ್ ಕಾಣಿಸದಷ್ಟು ಕಮ್ಮಿಯಾಗಿದೆ. ಹಿಂಗೇ ಇದ್ರೆ ಜೊತೆಗಿರೋರಿಗೆ ಹರಡಲ್ಲ ಅಂತಾರೆ ಡಾಕ್ಟರ್."

ಹೊಟ್ಟೆಕಿಚ್ಚು ಆರಿತೇ? ಇಲ್ಲ. ಅದು ಬೇರೆ ಕಡೆ ತಿರುಗಿತು, ಅಷ್ಟೇ.

"ಇಪ್ಪತ್ತು ವರ್ಷದಿಂದ ನಿನ್ನ ಸಂಕಟ ಅವಳಿಗೆ ಗೊತ್ತು. ನನಗೆ ಇವತ್ತು ಗೊತ್ತಾಗ್ತಿದೆ. ಉರಿಯಲ್ವಾ ನನಗೆ?"

"ಹೇಳಿದ್ರೆ ಬಿಟ್ಟುಹೋಗ್ತೀಯ ಅಂತ ಹೆದರಿದ್ದೆ. ಹಿಂದೆ ಒಬ್ಬಳು ಹೋಗಿದ್ಳು."

"ಆ ಒಬ್ಬಳು ಯಾರು?"

ಕಣ್ಣಲ್ಲಿ ನೀರಿಟ್ಟುಕೊಂಡೇ ಅವನಿಗೆ ನಗು ಬಂತು. ಅವಳಿಗೂ ತಡೆಯಲಾಗಲಿಲ್ಲ.

"ಮುಂದಿನ ಸಲ ಡಾಕ್ಟರ್ ಹತ್ರ ನಾನೂ ಬರ್ತೀನಿ," ಎಂದಳು. "ಎಲ್ಲಾನೂ ನನ್ನ ಕಿವಿಯಾರೆ ಕೇಳ್ಬೇಕು. ಆಮೇಲೆ ಅಮ್ಮನಿಗೆ ಇಬ್ಬರೂ ಕೂತು ಹೇಳೋಣ."

"ಅಂದ್ರೆ... ಒಪ್ಪಿಗೇನಾ?"

"ಕೇಳಿದವಳು ನಾನು. ಒಪ್ಪಬೇಕಾದವನು ನೀನು."

ಅವನು ಅವಳ ಕೈ ಹಿಡಿದುಕೊಂಡ. "ಹೂಂ," ಎಂದ ಮೆಲ್ಲಗೆ.

"ಕೇಳಿಸ್ಲಿಲ್ಲ."

"ಹೂಂ ಅಂದೆ ಕಣೇ."