ನಾಲ್ಕು ಸುತ್ತು, ಹನ್ನೆರಡು ಮಣಿ

ದೋಣಿ ನಡುನದಿಯಲ್ಲಿತ್ತು. ಚೂರಿ ನನ್ನ ಕತ್ತಿನ ಮೇಲಿತ್ತು!

"ಮುದುಕೀನ ನಮಗೆ ಬಿಟ್ಟು ಹೋಗಿ, ಸಾರ್," ಎಂದ ಕೆಬ್ಬಾ.

ನಾನು ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದಾಗ ಇವನು ನನ್ನ ಪೇದೆ. ಈಗ ಮಂತ್ರಿಯ ಬಂಟ. ಚೂರಿ ಹಿಡಿದರೂ 'ಸಾರ್' ಬಿಟ್ಟಿರಲಿಲ್ಲ... ಅಭ್ಯಾಸ!

"ಹತ್ತಕ್ಕೆ ಕೋರ್ಟಿದೆ ಕಣೋ."

"ಅದಕ್ಕೇ ಸಾರ್ ಹೇಳ್ತಿರೋದು."

ಮೊಣಕೈಯಿಂದ ಹೊಟ್ಟೆಗೆ ಗುದ್ದಿದೆ. ಕೆಬ್ಬಾ ನೀರಿಗೆ ಬಿದ್ದ. ಚೂರಿಗೆ ಸಿಕ್ಕಿದ್ದು ನನ್ನ ಹೊಸ ಶರ್ಟು ಮಾತ್ರ.

"ಯಾಂಕುಬಾ, ಅವನಿಗೆ ಈಜು ಬರುತ್ತೇನಪ್ಪಾ?" ನ್ಯೀಮಾ ಅಜ್ಜಿ ಕೇಳಿದಳು. ಎರಡೂ ಕಣ್ಣು ಕಾಣದು. ಕೈಯಲ್ಲಿ ನೂರು ಮಣಿಯ ಜಪಸರ.

"ಬರುತ್ತೆ ಬಿಡಜ್ಜಿ. ನಾನೇ ಕಲಿಸಿದ್ದು."

ನಮ್ಮ ಗ್ಯಾಂಬಿಯಾದಲ್ಲಿ ಓಟೆಂದರೆ ಗೋಲಿ, ಅಭ್ಯರ್ಥಿಗೊಂದು ಡ್ರಮ್ಮು. ಡ್ರಮ್ಮಿಗೆ ಹಾಕಿದರೆ ಒಳಗಿನ ಗಂಟೆ ಟಿಣ್ ಎನ್ನುತ್ತದೆ. ಸರ್ವಾಧಿಕಾರಿ ಹೋದ, ಅವನ ಮಂತ್ರಿ ಉಳಿದ, ಚುನಾವಣೆ ಬಂತು. ಅಜ್ಜಿ ಇಡೀ ದಿನ ಮತಗಟ್ಟೆ ಬಾಗಿಲಲ್ಲಿ ಕೂತು ಒಂದೊಂದು ಟಿಣ್‌ಗೂ ಒಂದೊಂದು ಮಣಿ ಸರಿಸಿದಳು. ನಾಲ್ಕು ಸುತ್ತು, ಮೇಲೆ ಹನ್ನೆರಡು, ಅಂದರೆ ನಾನೂರ ಹನ್ನೆರಡು ಓಟು. ಎಲ್ಲ ಡ್ರಮ್ಮು ಬಿಚ್ಚಿದರೆ ಗೋಲಿ ಆರುನೂರ ಮೂವತ್ತು! ಗೆದ್ದವನು ಮಂತ್ರಿ. ಅಜ್ಜಿಯನ್ನು ಜೀವಂತವಾಗಿ ಕೋರ್ಟಿಗೆ ತಲುಪಿಸು ಎಂದು ಸೋತವರು ನನ್ನನ್ನು ಗೊತ್ತುಮಾಡಿದರು.

ತಲುಪಿಸಿದೆ.

"ನೀನು ಕೇಳಿಸಿಕೊಂಡಿದ್ದು ಸೈಕಲ್ ಬೆಲ್ ಇರಬೇಕಮ್ಮಾ," ಎಂದು ಮಂತ್ರಿಯ ವಕೀಲ ನಕ್ಕ.

"ಹಾಗಿದ್ರೆ ಓಟು ಇನ್ನೂ ಕಮ್ಮಿ ಆಯ್ತಲ್ಲಪ್ಪಾ!"

ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರು ಅಜ್ಜಿಯ ಕಿವಿ ಪರೀಕ್ಷಿಸಲು ಡ್ರಮ್ಮು ತರಿಸಿದರು. ಗುಮಾಸ್ತ ಒಂದೊಂದಾಗಿ ಗೋಲಿ ಹಾಕಿದ. ಟಿಣ್... ಟಿಣ್...

"ಹದಿನೇಳು," ಎಂದಳು ಅಜ್ಜಿ.

"ಹಾಕಿದ್ದು ಹದಿನೆಂಟು, ಸ್ವಾಮಿ!" ಗುಮಾಸ್ತ ಹಲ್ಲು ಕಿರಿದ.

ಅವನ ಮುಷ್ಟಿ ಹಿಡಿದು ತಿರುಚಿದೆ. ಹದಿನೆಂಟನೆಯ ಗೋಲಿ ನೆಲಕ್ಕೆ ಬಿತ್ತು!

ಮರುಮತದಾನಕ್ಕೆ ಆದೇಶವಾಯಿತು.

ತಿಂಗಳ ನಂತರ ಮತ್ತೆ ಅದೇ ಮತಗಟ್ಟೆ. ಬಾಗಿಲಲ್ಲಿ ಚುನಾವಣಾ ಸಿಬ್ಬಂದಿಯ ಬಿಲ್ಲೆ ಧರಿಸಿದ ಕೆಬ್ಬಾ! ಅಜ್ಜಿ ಜಪಸರ ಹಿಡಿದು ಕೂತಳು. ಮೊದಲ ಮತದಾರ ಒಳಗೆ ಹೋಗಿ ಹೊರಗೆ ಬಂದ. ಸದ್ದೇ ಇಲ್ಲ.

"ಗಂಟೆ ಎಲ್ಲೋ, ಕೆಬ್ಬಾ?"

"ತುಕ್ಕು ಹಿಡಿದಿತ್ತು ಸಾರ್. ಕಿತ್ತುಬಿಟ್ವಿ."

ಅಜ್ಜಿ ತಣ್ಣಗೆ ಒಂದು ಮಣಿ ಸರಿಸಿದಳು.

"ಒಳಗೆ ಹೋಗೋರ ಚಪ್ಪಲಿ ಸದ್ದು ಕೇಳುತ್ತಲ್ಲಪ್ಪಾ... ಒಂದು."

ಕೆಬ್ಬಾನ ಕೈ ಮೆಲ್ಲಗೆ ಸೊಂಟದ ಕಡೆ ಹೋಯಿತು.

ಪುಣ್ಯಕ್ಕೆ ಈ ಸಲ ನಾನು ಹಳೇ ಶರ್ಟು ಹಾಕಿಕೊಂಡು ಬಂದಿದ್ದೆ.