ತಾತನ ಗ್ಯಾರೇಜಿನಲ್ಲಿ ಈಜುಕೊಳದ ಹಗ್ಗ

"ನಿಮ್ಮ ತಾತ ಕಳ್ಳ!" ಈಜುಕೊಳದ ಗೇಟಿಗೆ ಒರಗಿಕೊಂಡು ಟ್ರೆಂಟ್ ಕೂಗಿದ.

"ಇನ್ನೊಂದ್ಸಲ ಹೇಳು ನೋಡೋಣ!" ಟಿಲ್ಲಿ ಟವೆಲ್ ಎತ್ತಿ ಬೀಸಿದಳು.

"ನೂರು ಸಲ ಹೇಳ್ತೀನಿ. ಲೇನ್ ಹಗ್ಗ ಎಲ್ಲಾ ಅವರ ಹತ್ರಾನೇ ಇದೆ. ಎಲೆಕ್ಷನ್ ಸೋತ್ರಲ್ಲ, ಅದಕ್ಕೇ ಕೊಡ್ತಿಲ್ಲ. ನಮ್ಮಮ್ಮ ಎಷ್ಟು ಸಲ ಕೇಳಿದಾಳೆ ಗೊತ್ತಾ?"

ಟ್ರೆಂಟ್‌ನ ಅಮ್ಮ ಮಿಸೆಸ್ ಟಾಲಿವರ್ ಪೆಕನ್ ಬೆಂಡ್ ಬಡಾವಣೆಯ ಅಸೋಸಿಯೇಷನ್‌ಗೆ ಹೊಸ ಅಧ್ಯಕ್ಷೆ. ಅವರಿಗಿಂತ ಮೊದಲು ವರ್ಷಗಟ್ಟಲೆ ಆ ಕುರ್ಚಿಯಲ್ಲಿ ಕೂತಿದ್ದವನು ಟಿಲ್ಲಿಯ ತಾತ. ಈಜುವವರ ಸಾಲುಗಳನ್ನು ಬೇರೆ ಮಾಡಲು ಕೊಳದ ಉದ್ದಕ್ಕೂ ಕಟ್ಟುವ, ಕೆಂಪು ಬಿಳಿ ಬಿಲ್ಲೆಗಳ ಆ ಹಗ್ಗ ಇಲ್ಲದಿದ್ದರೆ ಶನಿವಾರದ ಈಜು ಪಂದ್ಯವೇ ಇಲ್ಲ. ಟಿಲ್ಲಿ ಇದೇ ಮೊದಲ ಸಲ ಟೀಮಿಗೆ ಸೇರಿದ್ದಳು.

"ಎಲ್ಲಾ ಕೊಟ್ಟಾಯ್ತು ಅಂತ ತಾತಾನೇ ಹೇಳಿದಾನೆ. ನಮ್ಮ ತಾತ ಸುಳ್ಳು ಹೇಳಲ್ಲ!" ಅಂದವಳೇ ಸೈಕಲ್ ಹತ್ತಿ ಮನೆಗೆ ಬಂದಳು.

ಪೆಕನ್ ಬೆಂಡ್‌ನಲ್ಲಿ ಯಾರೂ ಗ್ಯಾರೇಜ್ ಬಾಗಿಲು ತೆರೆದಿಡುವಂತಿಲ್ಲ. ಆ ರೂಲ್ ಮಾಡಿದ್ದೂ ತಾತನೇ. ಟಿಲ್ಲಿ ಬಾಗಿಲಿನ ಬೀಗದ ನಂಬರ್ ಒತ್ತಿ ಸೈಕಲ್ ಒಳಗೆ ನುಗ್ಗಿಸಿದಳು. ಹ್ಯಾಂಡಲ್‌ಗೆ, ಅಲ್ಲಿ ನಿಲ್ಲಿಸಿದ್ದ ತಾತನ ದೋಣಿಯ ಮೇಲಿನ ಟಾರ್ಪಾಲು ಸಿಕ್ಕಿ ಸರಕ್ಕನೆ ಜಾರಿತು.

ದೋಣಿಯ ತುಂಬ ಕೆಂಪು ಬಿಳಿ ಬಿಲ್ಲೆಗಳು.

"ತಾತಾ! ಇದೇನು?"

ತಾತ ಅಡುಗೆಮನೆಯಿಂದ ಓಡಿ ಬಂದ. "ಮುಚ್ಚು ಅದನ್ನ. ಮೊದಲು ಬಾಗಿಲು ಹಾಕು."

"ಕೊಟ್ಟಾಯ್ತು ಅಂದಿದ್ದೆ! ನಿನ್ನ ಮಾತು ನಂಬಿ ಟ್ರೆಂಟ್ ಜೊತೆ ಜಗಳ ಆಡಿ ಬಂದೆ ನಾನು!"

ತಾತನ ಮುಖ ಕೆಂಪಾಯಿತು. "ಪ್ರತಿ ಚಳಿಗಾಲ ಇದನ್ನ ತೊಳೆದು ಒಣಗಿಸ್ತಿದ್ದೋನು ಯಾರು? ಮುರಿದ ಬಿಲ್ಲೆ ಬದಲಾಯಿಸ್ತಿದ್ದೋನು ಯಾರು? ಒಂದು ಥ್ಯಾಂಕ್ಸ್ ಕೂಡ ಹೇಳ್ದೆ ನನ್ನ ಕಿತ್ತು ಬಿಸಾಕಿದ್ರು. ಈಗ ಒದ್ದಾಡ್ಲಿ ಬಿಡು."

"ಒದ್ದಾಡ್ತಿರೋದು ನಾನು! ಹಗ್ಗ ನಿಂದಲ್ಲ ತಾತ, ಎಲ್ಲರದ್ದು. ನಮ್ಮ ಬೀದಿಯ ಡ್ಯಾರಿಲ್ ಮನೆ ಮುಂದಿನ ಬ್ಯಾಸ್ಕೆಟ್‌ಬಾಲ್ ಕಂಬ ನೀನು ಕೀಳಿಸಿದಾಗ ಅವನೆಷ್ಟು ಅತ್ತಿದ್ದ! ರೂಲ್ ಅಂದ್ರೆ ರೂಲ್ ಅಂದೋನು ನೀನೇ ತಾನೆ? ನಿಂಗೆ ಮಾತ್ರ ರೂಲ್ ಇಲ್ವಾ?"

ತಾತ ಜಾರಿದ ಟಾರ್ಪಾಲನ್ನು ಎತ್ತಿ ಮಡಚತೊಡಗಿದ.

ಟಿಲ್ಲಿ ತನ್ನ ಹಳೇ ಆಟದ ಬಂಡಿ ಎಳೆದು ತಂದು ಹಗ್ಗಗಳನ್ನು ತುಂಬತೊಡಗಿದಳು. ಕೈ ಉರಿಯುತ್ತಿತ್ತು, ಕಣ್ಣೂ ಉರಿಯುತ್ತಿತ್ತು.

"ಈಗ ಬೇಡ ಕಣೇ," ತಾತ ಮೆಲ್ಲಗೆ ಅಂದ. "ಕತ್ತಲಾಗ್ಲಿ. ಗೇಟ್ ಹತ್ರ ಇಟ್ಟು ಬಂದ್ಬಿಡೋಣ."

"ಕಳ್ಳರು ಹಾಗೆ ಮಾಡ್ತಾರೆ!"

ಅವಳು ಬಂಡಿ ಎಳೆದುಕೊಂಡು ಬೀದಿಗಿಳಿದೇಬಿಟ್ಟಳು. ಬಂಡಿಯಲ್ಲಿ ಹಿಡಿಸದ ಹಗ್ಗ ಹಿಂದೆ ಕಟಕಟ ಎಂದು ರಸ್ತೆಗೆ ಉಜ್ಜುತ್ತ ಬರುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಆ ಸದ್ದು ನಿಂತಿತು. ತಿರುಗಿ ನೋಡಿದರೆ ತಾತ ಹಗ್ಗದ ತುದಿಯನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ.

ಎದುರುಮನೆಯವರು ಹುಲ್ಲು ಕತ್ತರಿಸುವ ಮೆಷಿನ್ ನಿಲ್ಲಿಸಿ ನೋಡಿದರು. ಡ್ಯಾರಿಲ್‌ನ ಅಮ್ಮ ಕೈಕಟ್ಟಿ ಜಗಲಿಯಲ್ಲಿ ನಿಂತರು. ತಾತ ನೆಲ ಬಿಟ್ಟು ಬೇರೇನೂ ನೋಡಲಿಲ್ಲ.

"ಅಂತೂ ಬಂತಲ್ಲ, ಮಿಸ್ಟರ್ ಪ್ರೂಯಿಟ್," ಗೇಟಿನ ಹತ್ತಿರ ಮಿಸೆಸ್ ಟಾಲಿವರ್ ಅಂದರು.

"ಹ್ಞೂಂ. ಯಾವತ್ತೋ ಕೊಡಬೇಕಿತ್ತು. ತಪ್ಪಾಯ್ತು."

"ನಾ ಹೇಳ್ಲಿಲ್ವಾ?" ಟ್ರೆಂಟ್ ಹಲ್ಲು ಬಿಟ್ಟ. ಅವನು ಹೇಳಿದ್ದು ನಿಜವೇ ಆಗಿತ್ತು. ಅದಕ್ಕೇ ಟಿಲ್ಲಿಗೆ ಇನ್ನಷ್ಟು ಸಿಟ್ಟು ಬಂತು.

ಖಾಲಿ ಬಂಡಿ ಎಳೆದುಕೊಂಡು ಇಬ್ಬರೂ ವಾಪಸ್ ಹೊರಟರು. ಜಗಲಿಗಳಲ್ಲಿ ಜನ ಇನ್ನೂ ನಿಂತೇ ಇದ್ದರು. ತಾತನ ಕಿವಿ ಕೆಂಪಾಗಿತ್ತು.

ತಾತನಿಗೆ ಹಗ್ಗ ಬೇಕಿರಲೇ ಇಲ್ಲ ಅಂತ ಟಿಲ್ಲಿಗೆ ಆಗ ಹೊಳೆಯಿತು. ಅಧ್ಯಕ್ಷನಾಗಿ ಓಡಾಡಿದ ಈ ಬೀದಿಯಲ್ಲಿ, ಇವರೆಲ್ಲರ ಕಣ್ಣೆದುರು, ಸೋತು ನಡೆದು ಬರುವುದು ಅವನಿಗೆ ಬೇಡವಾಗಿತ್ತು.

ಅವಳ ಸಿಟ್ಟೇನೂ ಇಳಿದಿರಲಿಲ್ಲ. ಆದರೂ ಬಂಡಿಯ ಹಿಡಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಜನ ನಿಂತಿದ್ದ ಮಗ್ಗುಲಿಗೆ, ಅವರಿಗೂ ತಾತನಿಗೂ ನಡುವೆ ಬಂದು, ಅವನಿಗೆ ಅಂಟಿಕೊಂಡೇ ನಡೆದಳು.