ಬೀಗರ ನಡುವೆ ಕಡಿದ ಜಾಲ

ಉಕ್ಕಿನ ರೈಲು ಬೋಗಿಯೊಳಗೆ ಒಂಬತ್ತು ಜನ ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬರ ಮುಂಗೈಯಲ್ಲೂ ಒಂದೊಂದು ನಾಡಿಪಟ್ಟಿ. ಮೊದಲನೆಯವನ ಪಟ್ಟಿಯಲ್ಲಿ ಹಸಿರು ದೀಪ ಹೊತ್ತಿತು. ಎರಡು, ಮೂರು ದಾಟಿ ನಾಲ್ಕನೆಯ ದ್ಯಾಮಣ್ಣನದೂ ಹೊತ್ತಿತು. ಐದನೆಯ ಫಕೀರಪ್ಪನದು ಹೊತ್ತಲಿಲ್ಲ.

ಗದಗಿನ ಹೊರವಲಯದ ಆ ಬೋಗಿ ಕಾರ್ಖಾನೆಯಲ್ಲಿ ನಿಸ್ತಂತು ಜಾಲಕ್ಕೆ ಉಕ್ಕೇ ಶತ್ರು. ಗೋಡೆ, ನೆಲ, ಚಾವಣಿ ಎಲ್ಲವೂ ಲೋಹವಾದರೆ ರೇಡಿಯೋ ಅಲೆಗಳು ನುಸುಳುವುದೆಲ್ಲಿಂದ? ಅದಕ್ಕೆಂದೇ ವಿಜ್ಞಾನಿ ಡಾ. ಮಂದಾಕಿನಿ ‘ದೇಹಜಾಲ’ವನ್ನು ಕಂಡುಹಿಡಿದಿದ್ದರು. ಬ್ರೇಕ್ ತಪಾಸಣೆಯ ಮಾಹಿತಿ ಒಬ್ಬರ ಮೈಯಿಂದ ಪಕ್ಕದವರ ಮೈಗೆ ದಾಟುತ್ತ ಬಾಗಿಲಾಚೆಯ ಗಣಕಯಂತ್ರ ಸೇರಬೇಕು. ನಿಂತವರ ನಡುವೆ ಎರಡು ಮೊಳಕ್ಕಿಂತ ಹೆಚ್ಚು ಅಂತರವಿರಬಾರದು, ಅಷ್ಟೇ. ಕೆಲಸಗಾರರ ಕ್ಷೇಮಕ್ಕೆಂದು ಪಕ್ಕದವರ ನಾಡಿಮಿಡಿತವೂ ಪಟ್ಟಿಯಲ್ಲಿ ತಟ್ಟುತ್ತಿತ್ತು.

ಮಂದಾಕಿನಿ ಮೂರು ದಿನ ಬ್ಯಾಟರಿ ಬದಲಿಸಿದರು, ಪಟ್ಟಿ ಬದಲಿಸಿದರು. ಜಾಲ ಮಾತ್ರ ನಾಲ್ಕು ಮತ್ತು ಐದರ ನಡುವೆಯೇ ಕಡಿಯುತ್ತಿತ್ತು.

“ದ್ಯಾಮಣ್ಣನವರೇ, ಸ್ವಲ್ಪ ಫಕೀರಪ್ಪನವರ ಕಡೆ ಸರಿದು ನಿಲ್ಲಬಾರದೇ?”

“ಆಗಂಗಿಲ್ರಿ ಮೇಡಂ.”

“ಯಾಕೆ?”

ದ್ಯಾಮಣ್ಣ ಚಾವಣಿ ನೋಡಿದ. ಆರನೆಯ ಜಾಗದಲ್ಲಿದ್ದ ನಿಂಗವ್ವ ತಡೆಯಲಾರದೆ ಬಾಯಿಬಿಟ್ಟಳು. “ಅವ್ರಿಬ್ರೂ ಬೀಗರದಾರ್ರಿ. ಇವ್ರ ಮಗಳ್ನ ಫಕೀರಪ್ಪಣ್ಣನ ಮಗಗ ಕೊಟ್ಟಾರ. ಮದುವ್ಯಾಗ ಗಂಡಿನ ಕಡ್ಯಾವ್ರನ್ನ ಊಟಕ್ಕ ಎರಡನೇ ಪಂಕ್ತಿಗೆ ಕುಂದ್ರಿಸಿದ್ರು ಅಂತ ಫಕೀರಪ್ಪಣ್ಣಗ ಸಿಟ್ಟು. ಮಾತು ಬಿಟ್ಟು ಎಂಟು ತಿಂಗಳಾತು.”

ಮಂದಾಕಿನಿ ಓದಿದ ಪುಸ್ತಕಗಳಲ್ಲಿ ಈ ಬಗೆಯ ಅಡಚಣೆಯ ಪ್ರಸ್ತಾಪವೇ ಇರಲಿಲ್ಲ.

ಆ ಎಂಟು ತಿಂಗಳಲ್ಲಿ ದ್ಯಾಮಣ್ಣನ ಮಗಳು ನೀಲವ್ವ ಒಮ್ಮೆಯೂ ತವರಿಗೆ ಬಂದಿರಲಿಲ್ಲ. ನಾಡಿದ್ದು ನಾಗರಪಂಚಮಿ. ಮದುವೆಯಾದ ಮೇಲಿನ ಮೊದಲ ಪಂಚಮಿಗೂ ಮಗಳು ಬಾರದಿದ್ದರೆ ಹೆಂಡತಿಗೆ ಯಾವ ಮುಖ ತೋರಿಸುವುದೆಂದು ಅವನಿಗೆ ಸಂಕಟ. ಕರೆಯಲು ಹೋಗೋಣವೆಂದರೆ ಬಿಗುಮಾನ.

“ಮಾತಾಡಬೇಡಿ. ಹತ್ತಿರ ನಿಂತರೆ ಸಾಕು,” ಎಂದರು ಮಂದಾಕಿನಿ.

ಇಬ್ಬರೂ ಮುಖ ಊದಿಸಿಕೊಂಡು ಒಂದೊಂದು ಹೆಜ್ಜೆ ಸರಿದರು. ಫಕೀರಪ್ಪನ ದೀಪ ಹೊತ್ತಿತು. ದ್ಯಾಮಣ್ಣನ ಮುಂಗೈಗೆ ಬೀಗರ ನಾಡಿ ತಟ್ಟತೊಡಗಿತು. ಕಲ್ಲಿನಂಥ ಮನುಷ್ಯ ಎಂದುಕೊಂಡಿದ್ದನಲ್ಲ, ಆ ಮನುಷ್ಯನ ಎದೆ ಹೀಗೆ ಹೊಡೆದುಕೊಳ್ಳುತ್ತಿದೆಯಲ್ಲ! ದ್ಯಾಮಣ್ಣನ ಸಿಟ್ಟು ಅರ್ಧ ಅಲ್ಲೇ ಇಳಿದುಹೋಯಿತು.

“ನಿಮ್ಮ ನಾಡಿ ಯಾಕ ಹಿಂಗ ಓಡಾಕತ್ತೇತ್ರಿ ಬೀಗರ?” ಫಕೀರಪ್ಪನೇ ಮೊದಲು ಕೇಳಿದ.

“ಪಂಚಮಿ ಬಂತಲ್ರಿ. ಮಗಳ ನೆನಪು. ನಿಮ್ಮದೂ ಓಡಾಕತ್ತೇತಲ್ರಿ?”

“ನೀಲವ್ವ ದಿನಾ ಬಾಗಿಲಾ ನೋಡ್ತಾಳ್ರಿ. ನೋಡಾಕ ಆಗವಲ್ದು. ನೀವು ಕರ್ಯಾಕ ಬರ್ಲಿ ಅಂತ ಕಾಯಾಕತ್ತಿದ್ನಿ.”

“ನೀವು ಬಾ ಅನ್ಲಿ ಅಂತ ನಾನೂ ಕಾಯಾಕತ್ತಿದ್ನಿ.” ದ್ಯಾಮಣ್ಣನ ಕಣ್ಣು ತುಂಬಿದವು. “ನಾಳೆ ಬರ್ತೀನ್ರಿ. ನೀವೂ ಹಬ್ಬಕ್ಕ ನಡೀರಿ.”

ಆ ದಿನ ಒಂಬತ್ತೂ ದೀಪ ಹೊತ್ತಿದವು. ಮಂದಾಕಿನಿ ಖುಷಿಯಿಂದ ಯಶಸ್ಸಿನ ವರದಿ ಬರೆದರು.

ಮರುದಿನ ನಾಲ್ಕು, ಐದು ಎರಡೂ ಜಾಗ ಖಾಲಿ. ಉಳಿದ ಏಳು ಜನರ ಸಾಲು ಬಾಗಿಲವರೆಗೆ ಮುಟ್ಟದೆ ಜಾಲ ಪೂರ್ತಿ ಬಂದ್. ಸಂಜೆ ಮಂದಾಕಿನಿ ಫೋನ್ ಮಾಡಿದಾಗ ದ್ಯಾಮಣ್ಣ ತನ್ನ ಮನೆಯಂಗಳದಲ್ಲಿ ಮಗಳಿಗೆ ಜೋಕಾಲಿ ಕಟ್ಟುತ್ತಿದ್ದ. ಹಗ್ಗದ ಇನ್ನೊಂದು ತುದಿ ಬೀಗರ ಕೈಯಲ್ಲಿತ್ತು.

“ಇಬ್ರೂ ನಾಲ್ಕು ದಿನ ರಜಾ ಅದೇವ್ರಿ ಮೇಡಂ,” ಎಂದ.

ಮಂದಾಕಿನಿ ನಕ್ಕುಬಿಟ್ಟರು. ಕೈಪಿಡಿಗೆ ಆಗಷ್ಟೇ ಸೇರಿಸಿದ್ದ ಹೊಸ ನಿಯಮವನ್ನು ಫೋನಿನಲ್ಲೇ ಓದಿ ಹೇಳಿದರು: “ಬೀಗರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಮುನಿದರೂ ಜಾಲ ಕಡಿಯುತ್ತದೆ, ಕೂಡಿದರೂ ಕಡಿಯುತ್ತದೆ.”